ಬಾಪ್ಪುವಿಗೆ ಕೇಳಿಸದ ಈಡು

ನಾನು ಕೋವಿ ಕೊಂಡದ್ದು ಹಂದಿಯ ಕಾಟಕ್ಕಲ್ಲ. ತಾಲೂಕು ಕಚೇರಿಯಲ್ಲಿ ಬೆಳೆ ರಕ್ಷಣೆಗೆ ಎಂದು ಬರೆಸಿದ್ದು ನಿಜ, ಹಂದಿ ಬಂದು ಗೆಣಸು ಅಗೆದು ಹೋಗುತ್ತಿದ್ದದ್ದೂ ನಿಜ. ಆದರೆ ಹಂದಿಗೆ ಅಪ್ಪನ ಹಳೆಯ ಕೋವಿಯೇ ಧಾರಾಳವಾಗಿತ್ತು. ನನಗೆ ಬೇಕಾಗಿದ್ದದ್ದು ಸದ್ದು ಮಾಡದ ಕೋವಿ. ಒಬ್ಬ ಮನುಷ್ಯನನ್ನು ಊರಿನವರ ಎದುರು ನಿಲ್ಲಿಸಿ ಒಂದೇ ಒಂದು ಪ್ರಶ್ನೆ ಹಾಕಬೇಕಾಗಿತ್ತು, ಆ ಪ್ರಶ್ನೆಗೆ ಅಂಥ ಕೋವಿಯೇ ಬೇಕಿತ್ತು.

ನಮ್ಮ ಮನೆ ಪೆರ್ಡೂರಿನಿಂದ ಮೂಡಕ್ಕೆ, ಗುಡ್ಡದ ಬುಡದಲ್ಲಿ. ಮನೆಮಾತು ಕೊಂಕಣಿ, ಗದ್ದೆಯ ಮಾತು ತುಳು. ಈಗ ಬರೆಯುತ್ತಿರುವ ಈ ಕನ್ನಡ ಶಾಲೆಯಲ್ಲಿ ಕಲಿತದ್ದು. ನಮ್ಮ ಕೇರಿಯಲ್ಲಿ ಇದ್ದ ಹತ್ತಾರು ಮನೆಗಳೆಲ್ಲ ಒಂದೇ ಇಗರ್ಜಿಯವು, ಅಂದರೆ ಒಂದೇ ಚರ್ಚಿನವು. ಕೋವಿ ಇದ್ದದ್ದು ಎರಡೇ ಮನೆಯಲ್ಲಿ. ಒಂದು ನಮ್ಮದು, ಇನ್ನೊಂದು ಗದ್ದೆಯ ಆಚೆಗಿನ ಬಾಪ್ಪುವಿನದು. ಬಾಪ್ಪು ಎಂದರೆ ನಮ್ಮಲ್ಲಿ ಚಿಕ್ಕಪ್ಪ. ಅಪ್ಪನ ದೊಡ್ಡಪ್ಪನ ಮಗ ಅವನು. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರಂತೆ. ಅದು ನೆನಪಾದರೆ ನನಗೆ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ಊರಲ್ಲಿ ಒಂದು ಕ್ರಮ ಇತ್ತು. ಕೋವಿಯ ಈಡು ಕೇಳಿಸಿ ಓಡಿಬಂದು, ಪ್ರಾಣಿಗೆ ಕತ್ತಿ ಹಾಕುವ ಮೊದಲು ಯಾರು ತಲುಪುತ್ತಾರೋ ಅವರಿಗೆಲ್ಲ ಮಾಂಸದಲ್ಲಿ ಪಾಲು. ಹೊಡೆದವನು ಒಂದು ಎಲೆ-ಅಡಿಕೆ ಜಗಿದು ಉಗಿಯುವಷ್ಟು ಹೊತ್ತು ಕಾಯಬೇಕು. ಬಂದವರು ಬಾಳೆಲೆ ಹಾಸಿ ಸಾಲಾಗಿ ಕೂರಬೇಕು. ಬಡವ, ಶ್ರೀಮಂತ, ಮಾತು ಬಿಟ್ಟವ, ಯಾರೂ ಆಗಬಹುದು, ಪಾಲು ಪಾಲೇ. ಎಲೆ ಹಾಸಿದವನನ್ನು ಎಬ್ಬಿಸಿದ್ದು ನಾನು ಹುಟ್ಟಿದ ಮೇಲೆ ಒಂದೇ ಸಲ. ಎಬ್ಬಿಸಿಕೊಂಡದ್ದು ನನ್ನ ಅಪ್ಪ.

ಅಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಪ್ರಾಯದಲ್ಲಿ ಇಗರ್ಜಿಯ ಹಬ್ಬಗಳಿಗೆಲ್ಲ ಗರ್ನಾಲು ಹೊಡೆಯುತ್ತಿದ್ದದ್ದು ಅವರೇ. ಕಬ್ಬಿಣದ ಕುಟ್ಟಿಯಲ್ಲಿ ಮದ್ದು ಜಡಿದು, ಬತ್ತಿಗೆ ಬೆಂಕಿ ಇಟ್ಟು ಪಕ್ಕಕ್ಕೆ ಹಾರುತ್ತಿದ್ದರು. ಉಳಿದವರು ಕಿವಿ ಮುಚ್ಚಿಕೊಂಡು ದೂರ ನಿಲ್ಲುತ್ತಿದ್ದರು, ಅಪ್ಪ ಹತ್ತಿರ ನಿಂತು ನಗುತ್ತಿದ್ದರು. ಮೊದಲು ದೂರದ ಈಡು ಕೇಳಿಸದಾಯಿತು, ಆಮೇಲೆ ಹಕ್ಕಿಗಳು, ಆಮೇಲೆ ನಾವು. ಊರಿನವರು ಅದನ್ನೇ ಒಂದು ಶಾಸ್ತ್ರ ಮಾಡಿಕೊಂಡರು: ಮದ್ದಿನಿಂದ ಹೋಗುವ ಕಿವಿ ಮೊದಲು ಮದ್ದಿನ ಸದ್ದನ್ನೇ ಬಿಡುತ್ತದೆ ಎಂದು. ನನ್ನ ಮತ್ತು ಅಮ್ಮನ ಕೈಸನ್ನೆ ಬಿಟ್ಟರೆ ಅವರಿಗೆ ಬೇರೆಯವರ ಮಾತು ತಿಳಿಯುವುದಿಲ್ಲ ಎಂದೇ ನಾವು ನಂಬಿದ್ದೆವು.

ಬಾಪ್ಪು ಮಾತ್ರ ಕಿವಿಯ ಮೇಲೆಯೇ ಬದುಕಿದವನು. ಈಡು ಯಾವ ಗುಡ್ಡದಲ್ಲಿ ಬಿತ್ತು, ಮಾಂಸಕ್ಕೆ ತಾಗಿತಾ ಮಣ್ಣಿಗೆ ಹೋಯಿತಾ, ಎಲ್ಲ ಸದ್ದಿನಲ್ಲೇ ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುತ್ತಿದ್ದ. ನಮ್ಮ ಕೋವಿ ಹಾರಿದಾಗಲೆಲ್ಲ ಮೊದಲು ಬಂದು ಮುಂದಿನ ಎಲೆ ಹಾಸುತ್ತಿದ್ದವ ಅವನೇ. ತೊಡೆಯ ಕಡೆಯದ್ದು ಹಾಕು ಮಗಾ, ಎಂದು ಬೇರೆ; ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಮಗಾ ಎಂದೇ ಕರೆಯುವುದು.

ಐವತ್ತರ ದಶಕ ಆಗಷ್ಟೇ ಮುಗಿದಿತ್ತು. ತೆನೆ ಹಬ್ಬದ ಹಿಂದಿನ ವಾರ ಬಾಪ್ಪು ದೊಡ್ಡ ಹಂದಿಯೊಂದನ್ನು ಕೆಡವಿದ. ಜನ ಓಡುವುದನ್ನು ನೋಡಿ ಅಪ್ಪನೂ ಎಲೆ ಕೊಯ್ದುಕೊಂಡು ಓಡಿದರು, ನಾನು ಹಿಂದೆ. ಇನ್ನೂ ಕತ್ತಿ ಬಿದ್ದಿರಲಿಲ್ಲ. ಅಪ್ಪ ಸಾಲಿನ ಕೊನೆಯಲ್ಲಿ ಎಲೆ ಹಾಸಿ ಕೂತರು. ಬಾಪ್ಪು ಕತ್ತಿ ಹಿಡಿದು ಬಂದು ಅವರ ಎದುರು ನಿಂತ.

"ನಿನಗೆ ಈಡು ಕೇಳಿಸಿತಾ?" ಎಂದ.

ಅಪ್ಪ ಅವನ ಮುಖ ನೋಡಿ ನಕ್ಕರು.

"ಅಲ್ಲ ಮಾರಾಯ, ಕೇಳಿಸಿದವರಿಗೆ ಪಾಲು ಅಲ್ವಾ? ಕೇಳಿಸಿತಾ ಹೇಳು."

ಅಪ್ಪ ಇನ್ನೊಮ್ಮೆ ನಕ್ಕು ಎಲೆಯನ್ನು ಸ್ವಲ್ಪ ಮುಂದಕ್ಕೆ ದೂಡಿದರು. ಆಗ ಎಲ್ಲರೂ ನಕ್ಕರು. ಎಲ್ಲರೂ! ನಮ್ಮ ಮನೆಯ ಪಾಲು ವರ್ಷಗಟ್ಟಲೆ ತಿಂದ ಬಾಯಿಗಳೆಲ್ಲ ತೆರೆದುಕೊಂಡು ನಕ್ಕವು. ಬಾಪ್ಪು ಕಾಲಿನಿಂದ ಅಪ್ಪನ ಎಲೆಯನ್ನು ಬದಿಗೆ ಸರಿಸಿ, "ಕ್ರಮ ಅಂದರೆ ಕ್ರಮ" ಎಂದ. ನಾನು ಅಪ್ಪನ ತೋಳು ಹಿಡಿದು ಎಬ್ಬಿಸಿದೆ. ದಾರಿಯುದ್ದಕ್ಕೂ ಅವರು ಆ ಖಾಲಿ ಎಲೆಯನ್ನು ಮಡಚಿ ಹಿಡಿದುಕೊಂಡೇ ಬಂದರು. ಏನಾಯಿತೆಂದು ಅವರಿಗೆ ಗೊತ್ತಾಗಲಿಲ್ಲವಲ್ಲ ಎಂದು ಅಮ್ಮ ದೇವರಿಗೆ ಕೈ ಮುಗಿದರು. ನಾನು ಮುಗಿಯಲಿಲ್ಲ.

ಮನೆಯಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಕೋವಿ ಹಿಡಿಯುವುದನ್ನು ಅಪ್ಪ ನನಗೇ ಕಲಿಸಿದ್ದರು. ಲೈಸನ್ಸು ಅವರದ್ದು, ಗುರಿ ನನ್ನದು. ಬಾಯಿ ಜೋರು ಎಂದು ಬಂದ ಸಂಬಂಧಗಳು ಹಿಂದೆ ಹೋಗಿದ್ದವು, ಹಾಗಾಗಿ ನನಗೆ ಸಮಯವೂ ಬೇಕಾದಷ್ಟಿತ್ತು. ಆ ವಾರವೇ ಮನಸ್ಸು ಗಟ್ಟಿ ಮಾಡಿದೆ: ಅವನಿಗೆ ಕೇಳಿಸದ ಈಡೊಂದನ್ನು ಹೊಡೆದು, ಅವನು ಎಲೆ ಹಾಸಿದಾಗ ಅದೇ ಪ್ರಶ್ನೆ ಹಾಕಬೇಕು. ಅದೇ ಜನ ನಗಬೇಕು.

ಉಡುಪಿಯ ಕೋವಿ ಅಂಗಡಿಗೆ ಹೋದೆ. ಅಂಗಡಿಯವರು ಎರಡು ನಳಿಗೆಯ ತೋಟೆ ಕೋವಿಯನ್ನು ಒರೆಸಿ ಮುಂದಿಟ್ಟರು.

"ಸದ್ದು ಆಗದ್ದು ಉಂಟಾ?" ಎಂದು ವಿಚಾರಿಸಿದೆ.

"ಸದ್ದು ಆಗದಿದ್ದರೆ ಅದು ಕೋವಿ ಎಂತಕ್ಕೆ ಅಕ್ಕಾ? ಒನಕೆ ಸಾಕಲ್ಲ!" ಎಂದು ನಕ್ಕರು. ನಾನು ನಗಲಿಲ್ಲ. ಆಗ ಗಾಳಿಕೋವಿ ತೋರಿಸಿದರು. ಅದು ಹಕ್ಕಿ ಓಡಿಸಲಿಕ್ಕೆ. ಕೊನೆಗೆ ಒಂದು ಡಬ್ಬಿಯಿಂದ ಬೆರಳ ತುದಿಯಷ್ಟು ಸಣ್ಣ ತೋಟೆ ತೆಗೆದು ಅಂಗೈಗೆ ಹಾಕಿದರು. ಇಪ್ಪತ್ತೆರಡರ ತೋಟೆ ಅಂತೆ. ಕಿಡಿ ಹತ್ತುವ ಮದ್ದು ಇದರ ಬುಡದ ಅಂಚಿನಲ್ಲಿರುತ್ತದೆ, ಕೋವಿಯ ಕುದುರೆ, ಅಂದರೆ ಬಡಿಯುವ ಕೊಕ್ಕೆ, ಬಂದು ಅಂಚಿಗೆ ತಾಗಬೇಕು, ಅದಕ್ಕೆ ರಿಮ್‌ಫೈರ್ ಎನ್ನುತ್ತಾರೆ ಎಂದರು. ಮದ್ದು ಕಡಿಮೆ, ಸದ್ದು ಕಡಿಮೆ. ಇನ್ನೂ ಕಡಿಮೆ ಬೇಕಾದರೆ ಕಾಪುವಿನಲ್ಲಿ ಒಬ್ಬರು ನಿವೃತ್ತ ಸುಬೇದಾರರು ಉಂಟು, ಅವರಿಗೆ ಈ ಹುಚ್ಚು ಉಂಟು, ಹೋಗಿ ಎಂದರು.

ಸುಬೇದಾರರ ಮನೆ ದೀಪಸ್ತಂಭದ ಹತ್ತಿರ. ಒಬ್ಬಳು ಹೆಂಗಸು ಕೋವಿ ಕೇಳಿಕೊಂಡು ಬಂದದ್ದು ಅವರಿಗೆ ಬಲು ಖುಷಿಯಾಯಿತು. ಮಧ್ಯಾಹ್ನದವರೆಗೆ ಯುದ್ಧದ ಕಥೆ ಹೇಳಿ ಮೀನು ಊಟ ಹಾಕಿಸಿದರು. ಆಮೇಲೆ ವಿಷಯಕ್ಕೆ ಬಂದರು. ನಳಿಗೆಯ ತುದಿಗೆ ತಿರುಪಿ ಕೂರಿಸುವ ಒಂದು ಕೊಳವೆ ಇರುತ್ತದೆ. ಹೊರಗೆ ನುಗ್ಗುವ ಬಿಸಿಗಾಳಿಯನ್ನು ಅದು ಒಳಗೇ ತಡೆದು ನಿಧಾನಕ್ಕೆ ಬಿಡುತ್ತದೆ, ಸದ್ದು ಅಲ್ಲೇ ಸಾಯುತ್ತದೆ. ಈಗಿನ ಕಾನೂನಿನಲ್ಲಿ ಅಂಥದ್ದನ್ನು ಮುಟ್ಟುವ ಹಾಗಿಲ್ಲ. ಆಗ ನಮ್ಮ ಕಡೆ ಅದನ್ನು ಕಂಡವರೇ ಇರಲಿಲ್ಲ, ಹಾಗಾಗಿ ಪ್ರಶ್ನಿಸುವವರೂ ಇರಲಿಲ್ಲ.

ಅವರ ಪೆಟ್ಟಿಗೆಯಲ್ಲಿ ಒಂದು ಸಣ್ಣ ಪಿಸ್ತೂಲು, ಒಂದು ರಿವಾಲ್ವರ್ ಇದ್ದವು. ಸೀರೆಯ ನೆರಿಗೆಯಲ್ಲಿ ಅಡಗಿಸಬಹುದು ಎಂದು ನನ್ನ ಕಣ್ಣು ಅವುಗಳ ಮೇಲೆ ಹೋಯಿತು.

"ಬೇಡ ಮಗಳೇ," ಎಂದರು. "ರಿವಾಲ್ವರಿಗೆ ಕೊಳವೆ ಹಾಕಿ ಪ್ರಯೋಜನ ಇಲ್ಲ. ತೋಟೆ ತುಂಬುವ ಉರುಳೆಗೂ ನಳಿಗೆಗೂ ನಡುವೆ ಸಂದು ಉಂಟು, ಸದ್ದು ಅಲ್ಲಿಂದಲೇ ಹೊರಗೆ ಬೀಳ್ತದೆ. ಪಿಸ್ತೂಲು ತಾನೇ ಮುಂದಿನ ತೋಟೆ ಎಳೆದುಕೊಳ್ತದೆ, ಆಗ ಕಟಕಟ ಮಾಡ್ತದೆ. ಮತ್ತೆ ಕೈಯಲ್ಲಿ ಹಿಡಿದು ಹಂದಿಯ ಕಿವಿಯ ಹಿಂದೆ ಹೊಡೀಲಿಕ್ಕೆ ನೀನು ಎಂತ ಸರ್ಕಸ್ಸಿನವಳಾ? ಕೈಯಲ್ಲೇ ಅಗುಳಿ ಎಳೆಯುವ ಉದ್ದ ರೈಫಲ್ ತಕೋ. ಅಗುಳಿ ಮುಚ್ಚಿ ಕೂತರೆ ಒಳಗಿನದ್ದು ಒಳಗೇ."

ಹಾಗೆ ನೋಡಿದರೆ ಅದು ನನಗೂ ಸರಿ ಎನಿಸಿತು. ಒಂದೇ ಈಡು ಸಾಕಿತ್ತು ನನಗೆ, ಎರಡನೆಯದಕ್ಕೆ ಅವಸರ ಇರಲಿಲ್ಲ.

ಅಂಥ ರೈಫಲ್ ಸಿಕ್ಕಿದ್ದು ಕಾರ್ಕಳದಲ್ಲಿ. ಘಟ್ಟದ ತೋಟವೊಂದರ ಮ್ಯಾನೇಜರರು ಕಾಫಿ ಕಣದ ಇಲಿಗಳಿಗೆಂದು ಇಟ್ಟುಕೊಂಡದ್ದಂತೆ. ಸದ್ದಿಗೆ ತಮ್ಮ ನಾಯಿಗಳು ಹೆದರಬಾರದೆಂದು ಕೊಳವೆಯನ್ನೂ ತರಿಸಿದ್ದರಂತೆ. ಅವರು ತೀರಿಕೊಂಡ ಮೇಲೆ ಹೆಂಡತಿ ಸಾಮಾನು ಮಾರುತ್ತಿದ್ದರು. ನಾನು ನನ್ನ ಕೊರಳ ಸರ ಬಿಚ್ಚಿದೆ. ಮದುವೆಗೆಂದು ಇದ್ದ ಸರ ಅದು, ಮದುವೆಯ ಸುದ್ದಿ ಹೇಗೂ ಇರಲಿಲ್ಲ. ಲೈಸನ್ಸಿಗೆ ಸೇರಿಸುವಾಗ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾರನ್ನು ಹೊಡೆಯಲಿಕ್ಕೆ?" ಎಂದು ತಮಾಷೆ ಮಾಡಿದರು. ಹಂದಿಯನ್ನು, ಎಂದೆ. ಸುಳ್ಳೇನೂ ಅಲ್ಲ.

ಮನೆಗೆ ಬಂದು ಕೊಳವೆ ಹಾಕಿ ತೆಂಗಿನ ಚಿಪ್ಪಿಗೆ ಗುರಿ ಹಿಡಿದೆ. ಫಟ್ ಎಂದು ಛಡಿಯೇಟಿನ ಹಾಗೆ ಸದ್ದಾಯಿತು! ಅಯ್ಯೋ ನನ್ನ ಸರವೇ ಎಂದು ತಲೆಗೆ ಕೈ ಹೊತ್ತು ಕೂತೆ. ಸ್ವಲ್ಪ ಹೊತ್ತಿಗೆ ಗದ್ದೆಯ ಅಂಚಿನಲ್ಲಿ ಬಾಪ್ಪು ಎಲೆ ಹಿಡಿದು ಓಡಿಬರುತ್ತಿದ್ದ. ನಾನು ಕೊಳವೆಯನ್ನು ಅಕ್ಕಿಯ ಮುಡಿಯ ಹಿಂದೆ ತುರುಕಿದೆ.

"ಎಂತ ಬಿತ್ತು ಮಗಾ?"

"ಚಿಪ್ಪು ಬಿತ್ತು ಬಾಪ್ಪು. ಪಾಲು ಬೇಕಾ?"

ಅವನು ರೈಫಲನ್ನು ತಿರುಗಿಸಿ ನೋಡಿ ಮೂಗು ಮುರಿದ. "ಇದೆಂತ, ಹಪ್ಪಳ ಮುರಿದ ಹಾಗೆ. ಆದರೂ ನೀನು ಗುಡ್ಡದ ಆಚೆ ಹೊಡಿ, ನನಗೆ ಕೇಳಿಸ್ತದೆ," ಎಂದು ಕಿವಿ ಮುಟ್ಟಿಕೊಂಡು ಹೋದ.

ಮರುವಾರ ಮತ್ತೆ ಕಾಪುವಿಗೆ ಹೋದೆ. ಸುಬೇದಾರರು ಹೊಟ್ಟೆ ಹಿಡಿದು ನಕ್ಕರು. ಕೊಳವೆ ಬಾಯಿಯ ಸದ್ದನ್ನು ನುಂಗುತ್ತದೆ, ಗುಂಡು ಗಾಳಿಯನ್ನು ಸೀಳುವ ಸದ್ದನ್ನು ಅದು ಹೇಗೆ ನುಂಗಬೇಕು? ನಾನು ತಂದದ್ದು ವೇಗದ ತೋಟೆ. ಮಂದ ತೋಟೆ ಬೇರೆ ಇರುತ್ತದೆ ಎಂದು ತಮ್ಮದೇ ಡಬ್ಬಿ ಕೊಟ್ಟರು. ಮನೆಗೆ ಬಂದು ಅದನ್ನು ಹಾಕಿ ಹೊಡೆದಾಗ ಒದ್ದೆ ಬಟ್ಟೆಯನ್ನು ಒಮ್ಮೆ ಕಲ್ಲಿಗೆ ಬಡಿದಷ್ಟೇ ಸದ್ದು. ಅಡುಗೆಮನೆಯಲ್ಲಿದ್ದ ಅಮ್ಮ ತಿರುಗಿಯೂ ನೋಡಲಿಲ್ಲ. ಗದ್ದೆಯ ಆಚೆ ಬಾಪ್ಪು ಹಟ್ಟಿಯ ಮುಂದೆ ನಿಂತು ಹಲ್ಲುಜ್ಜುತ್ತಿದ್ದ, ಹಾಗೆಯೇ ಉಜ್ಜುತ್ತಿದ್ದ. ಅಬ್ಬಾ, ಆ ದಿನದ ಸುಖ!

ಆದರೆ ಒಂದೇ ಸಲಕ್ಕೆ ಮುಗಿಸುವ ಮನಸ್ಸು ಬರಲಿಲ್ಲ. ಮೊದಲ ಮರಿಹಂದಿ ಗೆಣಸಿನ ಗದ್ದೆಯಲ್ಲಿ ಬಿದ್ದಾಗ ಕ್ರಮ ತಪ್ಪದೆ ಎಲೆ-ಅಡಿಕೆ ಜಗಿಯುತ್ತ ಕೂತೆ. ಯಾರೂ ಬರಲಿಲ್ಲ, ಬರುವುದು ಹೇಗೆ? ಆಮೇಲೆ ಬಾಪ್ಪುವಿನ ಮನೆಯೊಂದನ್ನು ಬಿಟ್ಟು ಮನೆಮನೆಗೂ ಪಾಲು ಮುಟ್ಟಿಸಿ ಒಂದೇ ಮಾತು ಹೇಳಿದೆ: ಬಾಪ್ಪು ವಿಚಾರಿಸಿದರೆ ಈಡು ಕೇಳಿಸಿತು ಎನ್ನಬೇಕು, ಜೋರಾಗಿ ಕೇಳಿಸಿತು ಎನ್ನಬೇಕು. ಯಾರೂ ಎಂತಕ್ಕೆ ಎನ್ನಲಿಲ್ಲ. ಮಾಂಸಕ್ಕಾಗಿ ಅಪ್ಪನನ್ನು ನೋಡಿ ನಕ್ಕವರು ಮಾಂಸಕ್ಕಾಗಿ ಬಾಪ್ಪುವಿಗೆ ಸುಳ್ಳು ಹೇಳಲು ಹಿಂದೆಮುಂದೆ ನೋಡುತ್ತಾರೆಯೇ? ಆ ಭಾನುವಾರ ಕೇರಿಯ ಪ್ರತಿ ಒಲೆಯಿಂದ ಬಫಾತ್ ಮಸಾಲೆ ಹುಡಿಯ ಪರಿಮಳ ಎದ್ದು ಗದ್ದೆ ದಾಟಿ ಅವನ ಅಂಗಳಕ್ಕೆ ಹೋಯಿತು.

ಸಂಜೆ ಬಂದ. "ಯಾವಾಗ ಹೊಡೆದಿ ಮಗಾ? ಸದ್ದೇ ಇಲ್ಲ!"

"ಇದೆಂತ ಬಾಪ್ಪು, ಎಲ್ಲರೂ ಬಂದರಲ್ಲ. ನೀವು ಬರಲಿಲ್ಲ, ಮೈ ಸರಿಯಿಲ್ಲವಾ ಎಂದುಕೊಂಡೆವು."

ಅವನು ಮನೆಮನೆಗೆ ಹೋಗಿ ವಿಚಾರಿಸಿದ. ಎಲ್ಲರಿಗೂ ಕೇಳಿಸಿತ್ತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲಕ್ಕೆ ಅವನ ಹೆಂಡತಿಯೇ ಹಿತ್ತಿಲ ದಾರಿಯಲ್ಲಿ ನಮ್ಮ ಅಡುಗೆಮನೆಗೆ ಬಂದಳು. ನಾನು ಕಳ್ಳಿಯಂತೆ ಸಿಕ್ಕಿಬಿದ್ದೆ ಎಂದುಕೊಂಡರೆ, ಅವಳು ಸೆರಗಿನಿಂದ ಬಟ್ಟಲು ತೆಗೆದು ಮುಂದಿಟ್ಟಳು.

"ನನಗೂ ಕೇಳಿಸಿತು ಅಂತ ಹೇಳಿದ್ದೇನೆ," ಎಂದಳು. "ಮೂವತ್ತು ವರ್ಷ ಆಯಿತು, ನಾನು ಹೇಳಿದ್ದು ಯಾವುದೂ ಆ ಮನುಷ್ಯನ ಕಿವಿಗೆ ಬೀಳಲಿಲ್ಲ. ಈಗ ಸ್ವಲ್ಪ ಹೆದರಲಿ."

ನಾನು ಬಟ್ಟಲಿಗೆ ತೊಡೆಯ ಕಡೆಯದ್ದನ್ನೇ ಹಾಕಿದೆ.

ಹೆಂಡತಿಯ ಮಾತು ಅವನನ್ನು ಮುರಿಯಿತು. ಹತ್ತಿರದ ಮಾತು ಕೇಳಿಸುತ್ತಿತ್ತು, ಇಗರ್ಜಿಯ ಗಂಟೆ ಕೇಳಿಸುತ್ತಿತ್ತು, ಹೆಗಲ ಮೇಲಿನ ತನ್ನದೇ ಕೋವಿಯ ಸದ್ದು ಕೇಳಿಸುತ್ತಿತ್ತು, ದೂರದ ಈಡು ಮಾತ್ರ ಇಲ್ಲ. ಮದ್ದಿನ ಕಿವಿ ಮೊದಲು ಬಿಡುವುದು ಮದ್ದಿನ ಸದ್ದನ್ನೇ ಅಲ್ವಾ? ನಮ್ಮ ಅಪ್ಪನ ದಾರಿಗೆ ತಾನೂ ಬಂದೆ ಎಂದು ಅವನು ತೀರ್ಮಾನಿಸಿದ. ಮಣಿಪಾಲದಲ್ಲಿ ಹೊಸದಾಗಿ ಎದ್ದಿದ್ದ ಆಸ್ಪತ್ರೆಗೆ ಹೋದ. ಕಿವಿಗೆ ಏನೂ ಆಗಿಲ್ಲ ಎಂದರಂತೆ ಡಾಕ್ಟರರು. "ಹಾಲು ಕುಡಿಯುವ ಹುಡುಗ, ಅವನಿಗೆ ಎಂತ ಗೊತ್ತುಂಟು? ಇಡೀ ಕೇರಿಗೆ ಕೇಳಿಸ್ತದೆ, ನನ್ನ ಹೆಂಡತಿಗೆ ಕೇಳಿಸ್ತದೆ," ಎಂದು ಬಂದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡ. ಜೋರಾಗಿ ಮಾತಾಡಲು ಹಿಡಿದ. ಜನ ಬೇಕೆಂದೇ ಅವನಿಗೆ ಸನ್ನೆ ಮಾಡತೊಡಗಿದರು. ನಾನು ಎಲ್ಲವನ್ನೂ ಗದ್ದೆಯ ಈಚೆಯಿಂದ ನೋಡುತ್ತಿದ್ದೆ, ಹೊಟ್ಟೆ ತಣ್ಣಗಾಗುತ್ತಿತ್ತು.

ತಣ್ಣಗಾಗದ ಒಂದು ವಿಷಯವೆಂದರೆ ಅಪ್ಪ. ಬಾಪ್ಪು ದಿನವೂ ನಮ್ಮ ಜಗಲಿಗೆ ಬಂದು ಅಪ್ಪನ ಪಕ್ಕ ಕೂರತೊಡಗಿದ. ಅಪ್ಪ ಅವನ ಗದ್ದ ಹಿಡಿದು ತಮ್ಮ ಕಡೆ ತಿರುಗಿಸಿ, ತಮ್ಮ ಬಾಯಿ, ಗಂಟಲು ತೋರಿಸಿ, ಹೀಗೆ ನೋಡು ಎಂದು ಕಲಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಯಾರ ಎಲೆಯನ್ನು ಕಾಲಿನಿಂದ ಸರಿಸಿದನೋ ಅವರ ಕೈಯ ಎಲೆ-ಅಡಿಕೆಯನ್ನೇ ತಿಂದು ಕೂತಿದ್ದ, ನಾಚಿಕೆಗೆಟ್ಟವ. ಹಾಗಾಗಿ ಇನ್ನು ತಡ ಮಾಡಬಾರದೆಂದು ನಿಶ್ಚಯಿಸಿದೆ.

ತೆನೆ ಹಬ್ಬ ಮತ್ತೆ ಹತ್ತಿರ ಬಂದಿತ್ತು. ಭಾನುವಾರ ಮಧ್ಯಾಹ್ನ, ಇಗರ್ಜಿಯಿಂದ ಎಲ್ಲರೂ ಮನೆಗೆ ಬಂದ ಹೊತ್ತು. ಗೆಣಸಿನ ಗದ್ದೆಯ ಅಂಚಿಗೆ ಹಂದಿ ಇಳಿದಿತ್ತು, ಅಷ್ಟು ದೊಡ್ಡದಲ್ಲ, ಆದರೆ ಕೇರಿಗೆ ಸಾಕು. ಕಿವಿಯ ಹಿಂದೆ ಒಂದೇ ಈಡು. ಕೊಳವೆ ಬಿಚ್ಚಿ ಬುಟ್ಟಿಯಲ್ಲಿ ಗೆಣಸಿನ ಬಳ್ಳಿಯ ಕೆಳಗೆ ಇಟ್ಟು, ಅಮ್ಮನ ಮೂಲಕ ಕೇರಿಗೆ ಸುದ್ದಿ ಮುಟ್ಟಿಸಿದೆ. "ಕೇಳಿಸಿತು, ಕೇಳಿಸಿತು" ಎಂದು ಕೂಗುತ್ತ ಎಲ್ಲರೂ ಓಡಿಬಂದು ಎಲೆ ಹಾಸಿದರು. ಅಪ್ಪ ಬಂದು ನನ್ನ ಪಕ್ಕ ನಿಂತರು. ಕೊನೆಗೆ, ಜನ ಓಡುವುದನ್ನು ನೋಡಿ, ಬಾಪ್ಪು ಬಂದ. ಸಾಲಿನ ಕೊನೆಯಲ್ಲಿ ಎಲೆ ಹಾಸಿದ. ಎಲ್ಲ ನಾನು ಬಯಸಿದ ಹಾಗೆಯೇ.

ಕತ್ತಿ ಹಿಡಿದು ಅವನ ಎದುರು ನಿಂತೆ.

"ಬಾಪ್ಪು, ನಿಮಗೆ ಈಡು ಕೇಳಿಸಿತಾ?"

ಅವನು ನಗಲಿಲ್ಲ. ಎಲೆಯನ್ನು ನಿಧಾನಕ್ಕೆ ಮಡಚಿದ. "ಇಲ್ಲ ಮಗಾ," ಎಂದ. "ನನಗೆ ಈಗ ಕೇಳಿಸುವುದಿಲ್ಲ. ಹೋಗ್ತೇನೆ." ಎದ್ದ.

ನಾನು ಜನರ ಕಡೆ ತಿರುಗಿದೆ. ನಗಿ, ನಗಿ ಎಂದು ಒಳಗೊಳಗೇ ಕೂಗುತ್ತಿದ್ದೆ. ಒಂದು ಬಾಯಿಯೂ ಬಿಚ್ಚಲಿಲ್ಲ. ಎಲ್ಲರೂ ತಮ್ಮ ತಮ್ಮ ಎಲೆ ನೋಡುತ್ತ ಕೂತರು. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಥೂ, ನಗಬೇಕಾದಾಗ ನಗಲಾರದ ಜನ!

ಅಷ್ಟರಲ್ಲಿ ಅಪ್ಪ ಬಗ್ಗಿ ನನ್ನ ಬುಟ್ಟಿಗೆ ಕೈ ಹಾಕಿದರು. ನೇರವಾಗಿ ಬಳ್ಳಿಯ ಕೆಳಗೆ; ನಾನು ಅಡಗಿಸುವ ಜಾಗವನ್ನು ಅವರು ಎಂದೋ ನೋಡಿಟ್ಟುಕೊಂಡಿದ್ದರು. ಕೊಳವೆಯನ್ನು ತೆಗೆದು ಒಮ್ಮೆ ಬಿಸಿಲಿಗೆ ಹಿಡಿದು, ನನ್ನ ಮುಖ ನೋಡಿ, ತಮ್ಮ ಅಂಗಿಯ ಕಿಸೆಗೆ ಹಾಕಿಕೊಂಡರು. ಜೀವಮಾನವಿಡೀ ಮದ್ದು ಜಡಿದವರಿಗೆ ಅದೇನೆಂದು ಹೇಳಿಕೊಡಬೇಕಾಗಿರಲಿಲ್ಲ. ರೈಫಲ್ ಎತ್ತಿಕೊಂಡು, ಬಾಪ್ಪುವಿಗೆ ನಿಲ್ಲು ಎಂದು ಕೈಸನ್ನೆ ಮಾಡಿ, ಗದ್ದೆಯ ಅಂಚು ಹಿಡಿದು ದೂರ ನಡೆದರು. ತೋಡು ದಾಟಿ, ಗುಡ್ಡದ ಬುಡದ ಮಣ್ಣಿನ ದರೆಯವರೆಗೂ ಹೋದರು. ಅಲ್ಲಿ ನಿಂತು ನಮಗೆ ಬೆನ್ನು ತಿರುಗಿಸಿ ದರೆಗೆ ಒಂದು ಈಡು ಹೊಡೆದರು.

ಟಪ್ ಎಂದು ಸದ್ದು ಗದ್ದೆಯ ಮೇಲೆ ಬಂತು. ಬಾಪ್ಪುವಿನ ತಲೆ ಫಕ್ಕನೆ ಆ ಕಡೆ ತಿರುಗಿತು.

ಅಪ್ಪ ವಾಪಸು ನಡೆದು ಬರುತ್ತಿದ್ದರು. ಬಾಪ್ಪು ಮೊದಲು ತನ್ನ ಕಿವಿ ಮುಟ್ಟಿ ನೋಡಿಕೊಂಡ. ಆಮೇಲೆ ಕೇರಿಯವರನ್ನು ಒಬ್ಬೊಬ್ಬರನ್ನಾಗಿ ನೋಡಿದ, ಕೊನೆಗೆ ಹೆಂಡತಿಯನ್ನು. ಅವನ ಮುಖ ಕೆಂಪಾಗಿ, ಮತ್ತೆ ಬಿಳುಚಿಕೊಂಡಿತು. ಈಗ ಕೂಗುತ್ತಾನೆ, ಕೂಗಲಿ, ನಾನೂ ತಯಾರಿದ್ದೇನೆ ಎಂದು ಕತ್ತಿಯ ಹಿಡಿ ಬಿಗಿ ಮಾಡಿಕೊಂಡೆ.

ಅಪ್ಪ ಬಂದು ಅವನ ಮುಂದೆ ನಿಂತರು. ಕಿವಿ ಹೋದ ಮೇಲೆ ಅವರು ಮಾತಾಡುವುದೇ ಅಪರೂಪ. ಮಾತಾಡಿದರೆ ದನಿಯ ಅಳತೆ ಇರುತ್ತಿರಲಿಲ್ಲ. ಇಡೀ ಗದ್ದೆಗೆ ಕೇಳಿಸುವಷ್ಟು ಜೋರಾಗಿ, ಬಾಪ್ಪುವಿನ ಬಾಯಿಯನ್ನೇ ನೋಡುತ್ತ ಅಂದರು:

"ನಿನಗೆ ಈಡು ಕೇಳಿಸಿತಾ?"

ಅದೇ ಮಾತು. ಅದೇ ಅಕ್ಷರ. ನನ್ನ ಕೈಯಿಂದ ಕತ್ತಿ ಜಾರಿತು. ಆ ದಿನ ಅವರಿಗೆ ಎಲ್ಲವೂ ತಿಳಿದಿತ್ತು. ಬಾಪ್ಪುವಿನ ಬಾಯಿ ಓದಿ, ಪ್ರಶ್ನೆ ತಿಳಿದು, ಇಲ್ಲ ಎನ್ನಲಾರದೆ ನಕ್ಕಿದ್ದರು. ಎಲೆ ಮಡಚಿಕೊಂಡು ಮನೆಗೆ ಬಂದು, ತಮಗೆ ಗೊತ್ತಾಗಲಿಲ್ಲ ಎಂದು ನಾವು ನಂಬಿದ್ದನ್ನೂ ನೋಡಿ, ಇಷ್ಟು ಕಾಲ ಸುಮ್ಮನಿದ್ದರು.

ಬಾಪ್ಪುವಿಗೂ ಅದು ತಿಳಿಯಿತು. "ಕೇಳಿಸಿತು," ಎಂದ. ದನಿ ಹೊರಡಲಿಲ್ಲ, ತುಟಿ ಮಾತ್ರ ಅಲ್ಲಾಡಿತು. ಅಪ್ಪನಿಗೆ ಅಷ್ಟೇ ಸಾಕಿತ್ತು. ಅವನ ಕೈಯ ಎಲೆ ಬಿಡಿಸಿ ನೆಲದ ಮೇಲೆ ಹಾಸಿದರು, ಸಾಲಿನ ಕೊನೆಯಲ್ಲಲ್ಲ, ಮುಂದೆ. ಪಕ್ಕದಲ್ಲಿ ತಮ್ಮದೊಂದು ಎಲೆ ಹಾಸಿ ಕೂತು, ಪಾಲು ಹಾಕು ಎಂದು ನನಗೆ ಸನ್ನೆ ಮಾಡಿದರು. ಬಾಪ್ಪು ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಅಪ್ಪ ದೊಡ್ಡವರು, ಅವರಿಗೆ ಅದು ಆಗುತ್ತಿತ್ತು. ನನಗೆ ಆಗಲಿಲ್ಲ, ಇವತ್ತಿಗೂ ಆಗುವುದಿಲ್ಲ. ಮೂರು ಊರು ಸುತ್ತಿ, ಸರ ಬಿಚ್ಚಿ ತಂದ ನನ್ನ ಪ್ರಶ್ನೆಯನ್ನು ಅವರು ನನ್ನ ಬಾಯಿಂದ ಕಿತ್ತುಕೊಂಡರು, ಕೊಳವೆಯನ್ನೂ ಮರಳಿ ಕೊಡಲಿಲ್ಲ. ಕತ್ತಿ ಎತ್ತಿಕೊಂಡು ಪಾಲು ಮಾಡಿದೆ. ಅಪ್ಪನ ಎಲೆಗೆ ತೊಡೆಯ ಕಡೆಯದ್ದು ಹಾಕಿದೆ. ಬಾಪ್ಪುವಿನ ಎಲೆಗೆ, ಎಲ್ಲರಿಗೂ ಕಾಣುವ ಹಾಗೆ, ಬರೇ ಮೂಳೆ ಹಾಕಿದೆ.

ಅಪ್ಪ ತಮ್ಮ ಎಲೆಯನ್ನು ಅವನ ಎಲೆಯೊಂದಿಗೆ ಬದಲಾಯಿಸಿಕೊಂಡರು. ಆ ರಾತ್ರಿ ಮೂಳೆ ಚೀಪುತ್ತ ಕೂತ ಅವರ ಎದುರು ನಾನು ಊಟ ಮಾಡಲಿಲ್ಲ.